ನಿರಿಗೆ ಹಿಡಿಯುತ್ತಿದ್ದ ಮಾಸ್ತರರು

ಡ್ರಾಯಿಂಗ್ ಮಾಸ್ತರ್ ವೀರಭದ್ರಯ್ಯನವರ ಕೈಗೆ ಹೋದ ಚಿತ್ರ ಹೋದ ಹಾಗೆಯೇ ಮರಳಿ ಬಂದದ್ದನ್ನು ನಾರಾಯಣಪೇಟೆಯಲ್ಲಿ ಯಾರೂ ಕಂಡಿಲ್ಲ. ನೋಡುವುದಕ್ಕೆ ಮೊದಲೇ ಅವರು ಹಾಳೆಯನ್ನು ಸೀರೆಯ ನಿರಿಗೆಯಂತೆ ಮಡಚುತ್ತಿದ್ದರು. ಕೊಡವಾಗಲಿ, ಕುದುರೆಯಾಗಲಿ, ಎಲ್ಲಕ್ಕೂ ಅದೇ ಗತಿ. ಗದ್ವಾಲದ ನೇಕಾರರ ಮನೆಯಲ್ಲಿ ಹುಟ್ಟಿದ ಆ ಮಹಾನುಭಾವರಿಗೆ, ಸೀರೆಯ ಅಂಚಿನ ಹೊರತಾಗಿಯೂ ಜಗತ್ತಿನಲ್ಲಿ ಚಿತ್ರಗಳಿರಬಹುದೆಂಬ ಅನುಮಾನವೇ ಇರಲಿಲ್ಲ.

ಹೊಗಳುವುದರಲ್ಲಿ ಅವರ ಔದಾರ್ಯ ಅಪಾರ. ‘ಶಾಬಾಸ್’ ಎಂಬ ಮಾತನ್ನು ಅವರ ಕೈಕೆಳಗೆ ಕಲಿತ ಐದು ವರ್ಷಗಳಲ್ಲಿ ಅವರ ಬಾಯಿಂದ ಒಮ್ಮೆ ಕೇಳಿದ್ದೇನೆ. ಅದು ಮರಿಕಲ್ ರಸ್ತೆಯ ಕೆಸರಿನಿಂದ ಬಂಡಿಯನ್ನು ಎಳೆದು ತೆಗೆದ ಎತ್ತಿಗೆ ಸಂದಿತು. ಎತ್ತಿಗೆ ಸಿಕ್ಕದ್ದು ನನಗೂ ಸಿಗಬೇಕೆಂಬ ಹಟ ಅಂದೇ ನನ್ನಲ್ಲಿ ನೆಲೆಸಿತು.

ತಾಲೂಕ್‌ದಾರ್ ಸಾಹೇಬರು, ಎಂದರೆ ನಿಜಾಮರ ಜಿಲ್ಲಾಧಿಕಾರಿಗಳು, ಶಾಲೆಯ ತಪಾಸಣೆಗೆ ಬರುವ ದಿನ ಒಬ್ಬನ ಚಿತ್ರ ಗೋಡೆಗೇರುವುದೆಂದು ತಿಳಿಯಿತು. ಹದಿನೈದು ದಿನ ಕೂತು ಸೀರೆಯಂಚಿಗೆ ಗಿಳಿಗಳ ಸಾಲು ಬರೆದೆ. ಒಂದೊಂದು ಗಿಳಿಯೂ ಗೇಣುದ್ದ. ಸಾಹೇಬರು ಮೆಚ್ಚಿ ಕೈ ಚಾಚಿದರು. ಅಷ್ಟರಲ್ಲಿ ಮಾಸ್ತರರು ಹಾಳೆಯನ್ನು ಕಿತ್ತುಕೊಂಡು ಟಪಟಪನೆ ಮಡಚಿದರು.

“ನೋಡ್ರಿ ಸಾಬ್, ಗಿಳಿ ತಲಿ ಎಲ್ಲೈತಿ? ಉಟ್ಟಾಕಿ ನಾಕ್ ಹೆಜ್ಜಿ ನಡದ್ಲಂದ್ರ ಹಕ್ಕಿ ಕುತ್ಗಿ ಹೋತು!”

“ಗ್ವಾಡಿಗೆ ಹಚ್ಚಾಕ ಬರದೀನ್ರೀ,” ಎಂದೆ.

“ಗ್ವಾಡಿಗೆ ಸೀರಿ ಉಡಸ್ತಾರೇನಲೇ ಶಾಣ್ಯಾ?”

ಸಾಹೇಬರು ನಕ್ಕರು. ಗೋಡೆಗೆ ಶೆಟ್ಟರ ಮಗನ ಬದನೆಕಾಯಿ ಏರಿತು. ಮಡಚಿದರೂ ಅದು ಬದನೆಕಾಯಿಯಾಗಿಯೇ ಉಳಿಯಿತಂತೆ.

ಆ ಅವಮಾನವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ. ಮುಂದೆ ಸೀರೆಯಂಚಿನ ನಕ್ಷೆ ಬರೆಯುವುದೇ ನನ್ನ ಕಸುಬಾಯಿತು. ಮಗ್ಗಕ್ಕೆ ಕೊಡುವ ಮೊದಲು ಪ್ರತಿ ಹಾಳೆಯನ್ನೂ ಮಡಚಿ ನೋಡುತ್ತೇನೆ. ಇದನ್ನು ಗುರುವಿನ ಪ್ರಭಾವವೆನ್ನುವವರು ಎನ್ನಲಿ. ನಾನು ಗಾಯದ ಕಲೆ ಎನ್ನುತ್ತೇನೆ.

ಆ ತಪಾಸಣೆಯಾದ ಹದಿನಾಲ್ಕು ವರ್ಷಗಳ ನಂತರ, ನಿಜಾಮರ ಆಳ್ವಿಕೆ ಇನ್ನೂ ನಡೆಯುತ್ತಿದ್ದಾಗಲೇ, ಹೊಸ ನಕ್ಷೆಯೊಂದನ್ನು ಹಿಡಿದು ಮಕ್ತಲ್ ಮೇಲೆ ಹಾಯ್ದು, ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿ ಗದ್ವಾಲಕ್ಕೆ ಹೋದೆ. ಮಾಸ್ತರರು ನಿವೃತ್ತರಾಗಿ ಅಲ್ಲಿದ್ದರು. ಅವರ ಸ್ವಭಾವ ಬಲ್ಲ ನಾನು ಹಾಳೆಯನ್ನು ಅವರ ನೆರೆಮನೆಯ ನೇಕಾರ ಮಲ್ಲಪ್ಪನ ಕೈಯಲ್ಲಿ ಒಳಗೆ ಕಳಿಸಿ, ಬಾಗಿಲ ಹೊರಗೆ ನಿಂತೆ. ಮಡಚಿದ ಸದ್ದು ಕೇಳಿತು. ಬಿಚ್ಚಿದ ಸದ್ದೂ ಕೇಳಿತು.

“ಶಾಬಾಸ್! ಯಾರ ಕೈಯಪಾ ಇದು?”

“ನಿಮ್ಮ ಶಿಷ್ಯಂದೇ ಐತ್ರಿ. ಹೊರಗ ನಿಂತಾರ,” ಎಂದ ಮಲ್ಲಪ್ಪ.

“ಯಾಂವ, ಆ ಗಿಳಿಯಾಂವೇನು? ತಡಿ, ಇಲ್ಲಿ ಕೊಡು. ಇನ್ನೊಮ್ಮಿ ನೋಡ್ತೀನಿ.”

ನಾನು ಹೊಸ್ತಿಲು ದಾಟುವಷ್ಟರಲ್ಲಿ ತಪ್ಪು ಸಿಕ್ಕಿತ್ತು.

“ಈ ಬಳ್ಳಿ ಇಲ್ಲಿ ಯಾಕ ದಣದೈತಿ? ಏಳನೇ ಎಲಿ ಬರಿಯಾಗ ನಿನಗ ಹಸಿವಾಗಿತ್ತೇನು?”

“ಈಗಷ್ಟೇ ಶಾಬಾಸ್ ಅಂದ್ರಲ್ರೀ!”

“ಅದು ನಿಂದು ಅಂತ ಗೊತ್ತಿರಲಿಲ್ಲ.”

ಊರಿಗೆ ಬಂದು ಹಾಳೆಯನ್ನು ಬೆಳಕಿಗೆ ಹಿಡಿದೆ. ಏಳನೆಯ ಎಲೆಯ ಬಳಿ ಬಳ್ಳಿ, ನನ್ನ ದುರದೃಷ್ಟಕ್ಕೆ, ನಿಜವಾಗಿಯೂ ಜೋತಿತ್ತು. ಎಂಟು ದಿನ ಕೂತು ತಿದ್ದಿದೆ. ಒಂಬತ್ತನೆಯ ದಿನ ಮತ್ತೆ ಗದ್ವಾಲಕ್ಕೆ ಹೋದರೆ, ಮಲ್ಲಪ್ಪ ಓಣಿಯ ತಿರುವಿನಲ್ಲೇ ನನ್ನನ್ನು ತಡೆದು, ಮಾಸ್ತರರು ಮೊನ್ನೆ ತೀರಿಕೊಂಡರೆಂದು ಹೇಳಿದ.

ಶಿಷ್ಟಾಚಾರ ಅವರಲ್ಲಿ ಮೊದಲಿನಿಂದಲೂ ಕಡಿಮೆ. ಹದಿನಾಲ್ಕು ವರ್ಷ ನನ್ನನ್ನು ಕಾಯಿಸಿದವರು ಎರಡು ದಿನ ನನಗಾಗಿ ಕಾಯಲಿಲ್ಲ.