ಜೆಟ್ ಎಂಜಿನ್ನು ಮತ್ತು ಆಟೋ ಬಾಡಿಗೆ

ಎರಡು ಪ್ರವೇಶದ ಟಿಕೆಟ್ಟು, ಕೆಂಗೇರಿಯಿಂದ ಹೋಗಿಬರುವ ಮೆಟ್ರೊ, ಇಳಿದ ಮೇಲೊಂದು ಆಟೋ, ಎರಡು ಕಾಫಿ, ಎಲ್ಲ ಸೇರಿ ಐನೂರು ರೂಪಾಯಿಯೊಳಗೆ ಒಂದು ಜೆಟ್ ಎಂಜಿನ್ನನ್ನು ನೋಡಿ ಬಂದೆವು. ಇಷ್ಟು ಅಗ್ಗಕ್ಕೆ ಹೇಗಾಯಿತೆಂದರೆ, ನಾನು ಆರು ವರ್ಷ ಕಾದೆ. ಕಾಯುವುದೇ ವ್ಯಾಪಾರದ ಅರ್ಧ ವಿದ್ಯೆ ಎಂದು ನಂಬಿದವನು ನಾನು. ವಿಜಯನಗರದ ಫುಟ್‌ಪಾತಿನಲ್ಲಿ ಮೊಳೆ ತೂಗಿ ಮಾರುತ್ತಿದ್ದವನು ಹಾರ್ಡ್‌ವೇರ್ ಅಂಗಡಿಯ ಯಜಮಾನನಾದದ್ದು ಈ ವಿದ್ಯೆಯ ಬಲದಿಂದಲೇ. ಬೆಲೆ ಹೇಳಿ, ಎರಡು ಹೆಜ್ಜೆ ಮುಂದೆ ನಡೆದು, ಎದುರಿನವನು ಹಿಂದಿನಿಂದ ಕೂಗುವವರೆಗೂ ತಿರುಗಿ ನೋಡದಿರುವ ಸಂಯಮ ನನ್ನಷ್ಟು ಇನ್ಯಾರಿಗೂ ಸಿದ್ಧಿಸಿಲ್ಲವೆಂಬ ಹೆಮ್ಮೆಯೂ ಇತ್ತು. ನೀವೂ ಆ ಎರಡು ಹೆಜ್ಜೆ ನಡೆದವರೇ, ಬಿಡಿ.

ಎಂಜಿನ್ನನ್ನು ನೋಡಬೇಕಾಗಿದ್ದದ್ದು ನನಗಲ್ಲ, ನನ್ನ ಅಕ್ಕನ ಗಂಡ ರಂಗಸ್ವಾಮಿ ಭಾವನಿಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪರದೇಶದಲ್ಲಿ ರೂಪುಗೊಂಡು, ಆಮೇಲೆ ನಮ್ಮ ನೆಲದಲ್ಲೇ ಜೋಡಣೆಗೊಂಡು, ಯುದ್ಧವಿಮಾನಗಳ ಹೊಟ್ಟೆಯೊಳಗೆ ಕೂತು ಗರ್ಜಿಸಿದ ಆ ಎಂಜಿನ್ನುಗಳಿಗೆ ತಂತಿ ಕಟ್ಟುವುದೇ ಅವರ ಬಹುಕಾಲದ ಉದ್ಯೋಗ. ತಂತಿ ಎಂದರೆ ಹಗುರವಾಗಿ ನೋಡಬೇಡಿ. ಆಕಾಶದಲ್ಲಿ ಅದುರುವಾಗ ಬೋಲ್ಟುಗಳು ಕಳಚಿಕೊಳ್ಳದಂತೆ, ಒಂದೊಂದರ ತಲೆಯ ರಂಧ್ರಕ್ಕೂ ಉಕ್ಕಿನ ತಂತಿ ತೂರಿಸಿ, ಜಡೆ ಹೆಣೆದ ಹಾಗೆ ಹುರಿಮಾಡಿ, ಪಕ್ಕದ ಬೋಲ್ಟಿಗೆ ಬಿಗಿಯಬೇಕು; ಒಂದು ಸಡಿಲಾಗಲು ಹೊರಟರೆ ಇನ್ನೊಂದು ಹಿಡಿದೆಳೆಯುತ್ತದೆ. ಅಕ್ಕ–ಭಾವನ ದಾಂಪತ್ಯ ಉಳಿದು ಬಂದದ್ದೂ ಇದೇ ತಂತ್ರದಿಂದ ಎಂದು ನನ್ನ ಗುಮಾನಿ. ಉಳಿದ ಕೆಲಸಗಾರರು ತಂತಿಯ ತುದಿಯನ್ನು ಒಂದು ಸಲ ಮಡಿಸಿದರೆ ಭಾವ ಎರಡು ಸಲ ಮಡಿಸಿ ಒಳಕ್ಕೆ ಒತ್ತುತ್ತಿದ್ದರಂತೆ. “ನಾಳೆ ರಿಪೇರಿಗೆ ಕೈ ಹಾಕೋನು ಯಾರೋ ಏನೋ, ಅವನ ಬೆರಳಿಗೆ ಚುಚ್ಚಬಾರ್ದಲ್ಲ” ಎಂಬುದು ಅವರ ಸಮಜಾಯಿಷಿ. “ತಂತಿ ತಿರುಚಿದ್ದಕ್ಕೆ ಇಷ್ಟು ಬೀಗ್ತೀರಲ್ಲ ಭಾವ, ತಾರಸಿ ಮೋಲ್ಡಿಗೆ ಕಂಬಿ ಕಟ್ಟೋರು ದಿನಕ್ಕೆ ಸಾವಿರ ಗಂಟು ಹಾಕ್ತಾರೆ” ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ಆ ಎಂಜಿನ್ನುಗಳೆಲ್ಲ ಗುಜರಿ ಸೇರಿ, ತಮ್ಮ ಕೈಕೆಲಸ ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲವೆಂದು ಅವರು ತಿಳಿದಿದ್ದರು. ವಾದಿಸಲು ಸಾಕ್ಷಿ ಇರಲಿಲ್ಲ.

ಸಾಕ್ಷಿ ಫೋನಿನಲ್ಲಿ ಬಂತು. ಊರಿನ ಆಚೆ ತುದಿಯಲ್ಲಿ ನಿವೃತ್ತ ಎಂಜಿನಿಯರುಗಳು ಕೂಡಿ ನಡೆಸುವ ಪುಟ್ಟ ವಿಮಾನ ಸಂಗ್ರಹಾಲಯದಲ್ಲಿ ಭಾವ ಕಟ್ಟಿದ ಎಂಜಿನ್ನೊಂದಿದೆ ಎಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದರು: “ನಿನ್ನ ಎರಡು ಮಡಿಕೆ ಎಡಗಡೆ ಹಾಗೇ ಇದೆ ಕಣಯ್ಯ.” ಮರುದಿನ ಬೆಳಿಗ್ಗೆಯೇ ಭಾವ ಇಸ್ತ್ರಿ ಶರಟು, ಪಾಲಿಶ್ ಮಾಡಿದ ಶೂ ತೊಟ್ಟು ಕೆಂಗೇರಿಯ ತಮ್ಮ ಮನೆಯ ಗೇಟಿನಲ್ಲಿ ನನಗಾಗಿ ಕಾದು ನಿಂತಿದ್ದರು. “ನಾಗರಾಜ, ಒಂದ್ಸಲ ನೋಡಿಬಿಡ್ತೀನಿ ಕಣಪ್ಪ.”

ಆಟೋದವನು ಆರುನೂರು ಕೇಳಿದ. ನಾನು ನಾನೂರೈವತ್ತಕ್ಕೆ ನಿಂತೆ.

“ಸಾರ್, ಬರೋವಾಗ ಖಾಲಿ ಬರ್ಬೇಕು.”

“ಯಾಕಪ್ಪ ಖಾಲಿ, ನಾವೇ ವಾಪಸ್ ಬರ್ತೀವಲ್ಲ.”

“ಹಂಗಾದ್ರೆ ವೆಯ್ಟಿಂಗ್ ಹಾಕ್ಲಾ?”

ಎರಡು ಹೆಜ್ಜೆ ನಡೆದೆ. ಹಿಂದಿನಿಂದ ಕೂಗು ಬರಲಿಲ್ಲ, ಆಟೋ ಹೊರಟ ಸದ್ದು ಬಂತು. “ಬಿಡಿ ಭಾವ, ಸ್ವಲ್ಪ ದಿನ ತಡೀರಿ, ಇಲ್ಲಿಗೇ ಮೆಟ್ರೊ ಬರ್ತಾ ಇದೆ. ಎಸಿಲಿ ಕೂತ್ಕೊಂಡು ಹೋಗೋಣ” ಎಂದೆ. ಭಾವ ಒಳಗೆ ಹೋಗಿ ಶೂ ಬಿಚ್ಚಿದರು. “ಆ ನೂರೈವತ್ತು ನಾನು ಕೊಡ್ತಿದ್ನಲ್ಲೋ, ಜುಗ್ಗ” ಎಂದಳು ಅಕ್ಕ. “ದುಡ್ಡಿನ ಪ್ರಶ್ನೆ ಅಲ್ಲ ಅಕ್ಕ, ತತ್ವದ್ದು” ಎಂದೆ. ತತ್ವಜ್ಞಾನಿಗಳು ಸಾಮಾನ್ಯವಾಗಿ ಬೇರೆಯವರ ಖರ್ಚಿನಲ್ಲೇ ತತ್ವ ಪಾಲಿಸುತ್ತಾರೆಂಬುದು ಆಗ ನನಗೆ ಹೊಳೆಯಲಿಲ್ಲ.

ಮೆಟ್ರೊ ಬಂತು. ಬಂದ ಮೇಲೆ ಅಂಗಡಿಯ ಸೀಸನ್ನು, ಆಮೇಲೆ ಬಿಸಿಲು, ಮತ್ತೆ ಸೀಸನ್ನು. ಅಷ್ಟರಲ್ಲಿ ಭಾವನ ಕಣ್ಣಿನೊಳಗೆ ಒತ್ತಡ ಏರಿ, ದೃಷ್ಟಿ ಅಂಚಿನಿಂದ ಸವೆಯುತ್ತ ಬಂದು, ಕೊನೆಗೆ ಕಿಟಕಿ ಯಾವುದು ಗೋಡೆ ಯಾವುದು ಎಂಬಷ್ಟು ಮಾತ್ರ ಉಳಿಯಿತು. ಡಾಕ್ಟರು ಇನ್ನು ಮಾಡುವುದೇನಿಲ್ಲ ಎಂದ ವಾರ ನಾನಾಗಿಯೇ ಹೋಗಿ ಅವರಿಗೆ ಶೂ ತೊಡಿಸಿದೆ. “ಕಣ್ಣಿಲ್ದಿದ್ರೇನು, ಬೆರಳಿದೆ” ಎಂದರು ಭಾವ.

ಎಂಜಿನ್ನು ಹಗ್ಗದ ಆಚೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉತ್ತರ ಕರ್ನಾಟಕದ ಕಡೆಯ ಕಾವಲುಗಾರ “ಮುಟ್ಟಂಗಿಲ್ರೀ” ಎಂದ. “ಇದನ್ನ ಕಟ್ಟಿದ್ದು ಇವರೇ ಕಣಪ್ಪ” ಎಂದರೆ, “ಬಂದಾವ್ರೆಲ್ಲಾ ಹಂಗಾ ಅಂತಾರ್ರೀ” ಎಂದು ನಕ್ಕ. ಆಮೇಲೆ ಭಾವನ ಕಣ್ಣು ನೋಡಿದ, ಹಗ್ಗ ಎತ್ತಿದ. ನನ್ನ ಜೀವಮಾನದಲ್ಲಿ ಚೌಕಾಸಿಯಿಲ್ಲದೆ ಸಿಕ್ಕ ರಿಯಾಯಿತಿ ಅದೊಂದೇ.

ಭಾವ ಎಡಮಗ್ಗುಲಿಗೆ ಹೋಗಿ, ದೇವರ ಮನೆಯಲ್ಲಿ ದೀಪ ಹುಡುಕುವವರಂತೆ ಬೋಲ್ಟಿನಿಂದ ಬೋಲ್ಟಿಗೆ ಬೆರಳು ಸರಿಸುತ್ತ ಬಂದವರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ತುದಿಬೆರಳಿನಲ್ಲಿ ರಕ್ತದ ಹನಿ. ಬಗ್ಗಿ ನೋಡಿದೆ. ಜಡೆಯಿಲ್ಲ, ಮಡಿಕೆಯಿಲ್ಲ, ನನ್ನ ಅಂಗಡಿಯಲ್ಲಿ ಮೋಲ್ಡಿನ ಕಂಬಿ ಕಟ್ಟಲು ಕಿಲೋ ಲೆಕ್ಕದಲ್ಲಿ ಮಾರುತ್ತೇನಲ್ಲ, ಅದೇ ಬೈಂಡಿಂಗ್ ವೈರು. ತುದಿ ಕತ್ತರಿಸಿ ಹಾಗೇ ಬಿಟ್ಟು ಮೇಲೆ ಬೆಳ್ಳಿಬಣ್ಣ ಬಳಿದಿದ್ದರು. “ಹ್ವಾದ ವರ್ಷ ಎಲ್ಲಾ ಬಿಚ್ಚಿ, ಪಾಲಿಶ್ ಹೊಡದು ಮತ್ತ ಕಟ್ಟ್ಯಾರ್ರೀ. ಹೊಸಾದ್ರಂಗ ಕಾಣ್ತೈತಿ, ಅಲ್ರೀ?” ಎಂದ ಕಾವಲುಗಾರ, ಅಭಿಮಾನದಿಂದ. ಹೋದ ವರ್ಷ. ಅದಕ್ಕೆ ಮುಂಚಿನ ಐದು ವರ್ಷವೂ ಭಾವನ ಮಡಿಕೆ ಅಲ್ಲೇ ಕಾದಿತ್ತು. ಮೊದಮೊದಲು ನೋಡಲು ಕಣ್ಣೂ ಇತ್ತು.

“ಇದೆಯಾ ಭಾವ?” ಎಂದೆ, ಗೊತ್ತಿದ್ದೂ.

ಬೆರಳನ್ನು ಬಾಯಲ್ಲಿಟ್ಟುಕೊಂಡವರು ತೆಗೆದು, “ಹೂಂ, ಇದೆ. ಹೋಗೋಣ” ಎಂದರು.

ಕೆಂಗೇರಿಯವರೆಗೂ ಮತ್ತೊಂದೇ ಮಾತು ಆಡಿದ್ದು. ನಾಯಂಡಹಳ್ಳಿ ದಾಟಿದ ಮೇಲೆ, ಯಾವ ವ್ಯಂಗ್ಯವೂ ಇಲ್ಲದ ದನಿಯಲ್ಲಿ, “ಎಸಿ ಚೆನ್ನಾಗಿದೆ ಕಣೋ.”

ನೀವೂ ಹೋಗುವವರಿದ್ದರೆ ಹೇಳುತ್ತೇನೆ ಕೇಳಿ. ಬೆಳಿಗ್ಗೆಯೇ ಹೋಗಿ, ಜನ ಕಡಿಮೆ. ಕಾವಲುಗಾರನ ಹತ್ತಿರ ಮೆಲ್ಲಗೆ ಮಾತಾಡಿ, ಒಳ್ಳೆಯ ಮನುಷ್ಯ. ಮನೆಯ ಹಿರಿಯರು ಹೋಗೋಣವೆಂದು ಶೂ ಹಾಕಿ ನಿಂತರೆ ಆಟೋದವನು ಕೇಳಿದಷ್ಟಕ್ಕೆ ಹತ್ತಿ ಕೂತುಬಿಡಿ. ಎರಡು ಹೆಜ್ಜೆ ನಡೆಯಬೇಡಿ. ಇಲ್ಲ, ಆಗಲೇ ತಡಮಾಡಿದ್ದೀರಿ ಎಂದಾದರೆ, ಜೇಬಿನಲ್ಲಿ ಒಂದು ಗಾಯದ ಪಟ್ಟಿ ಇಟ್ಟುಕೊಳ್ಳಿ. ಅಲ್ಲಿ ಸಿಗುವುದಿಲ್ಲ.