ಗೂಡಿನ ಬಾಯಿಗಿದ್ದ ಎಲೆ

ಮಿಯಾವೊಲಿ ಗುಡ್ಡಸೀಮೆಯ ಹಕ್ಕಾ ಜನರ ಹಳ್ಳಿಗಳಲ್ಲಿ ಪೆಂಗ್ ಜಿನ್‌ಶುನ್ ವೀಡಿಯೊ ತೆಗೆಯದ ಮದುವೆ ಇರಲಿಲ್ಲ. ಅವನದು ಸುಮ್ಮನಿರುವ ಕೈಯಲ್ಲ. ಮದುಮಗಳ ಹಣೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸುವನು, ಅಡ್ಡ ನಿಂತ ಸೋದರತ್ತೆಯನ್ನು ಭುಜ ಹಿಡಿದು ಪಕ್ಕಕ್ಕಿಡುವನು, ಉಡುಪಿನಲ್ಲಿ ನೂಲೆದ್ದಿದ್ದರೆ ಸೊಂಟದ ಚೀಲದಿಂದ ಪುಟ್ಟ ಕತ್ತರಿ ತೆಗೆದು ಕತ್ತರಿಸುವನು. "ಮುಖ ಕಾಣ್ಬೇಕಮ್ಮ, ಮುಖ!" ಎನ್ನುವುದೇ ಅವನ ಮಂತ್ರ.

ನಡುವಯಸ್ಸಿನಲ್ಲಿ ಮದುವೆಮನೆ ಬಿಟ್ಟು ಹಕ್ಕಿಗಳ ಹಿಂದೆ ಬಿದ್ದ. ಕಾಡಿನ ಚಿತ್ರ ತೆಗೆದು ಶಾಲೆಗಳಲ್ಲಿ ತೋರಿಸುವನು. ಚಿತ್ರ ಶುರುವಾಗುವ ಮೊದಲು ಅವನು "ನೋಡಬೇಕು!" ಎಂದರೆ ಮಕ್ಕಳೆಲ್ಲ "ಮುಟ್ಟಬಾರದು!" ಎಂದು ಕೂಗಬೇಕು. ಊರಿನ ಶಾಲೆಯಲ್ಲಿ ಕ್ಯಾಮೆರಾ ಹಿಡಿಯುವುದನ್ನೂ ಕಲಿಸುತ್ತಿದ್ದ. ಆರನೆಯ ತರಗತಿಯ ಶ್ಯೂನಿಂಗ್ ಎಂಬ ಹುಡುಗಿಗೆ ಅವನು ಹೇಳಿದ್ದೇ ವೇದವಾಕ್ಯ.

ಆ ಬೇಸಗೆ ಶಾಲೆಯ ಹಿಂದಿನ ಬಿದಿರುಮೆಳೆಯಲ್ಲಿ ಎಂಟುಬಣ್ಣದ ಹಕ್ಕಿ ಗೂಡು ಕಟ್ಟಿತು. ಸಮುದ್ರ ದಾಟಿ ಬರುವ ಹಕ್ಕಿ. ಮಕ್ಕಳಿಗೆ ನೆಂಟರು ಬಂದಷ್ಟು ಸಂಭ್ರಮ. ಮರಿಗಳೂ ಆದವು. ಆದರೆ ಗೂಡಿನ ಬಾಯಿಗೆ ಜರಿಗಿಡದ ಒಂದು ಎಲೆ ಅಡ್ಡ. ಪೆಂಗ್ ಮಕ್ಕಳನ್ನು ಊಟಕ್ಕೆ ಕಳಿಸಿ, ಮದುವೆಮನೆಯ ಅದೇ ಕತ್ತರಿಯಿಂದ ಎಲೆಯನ್ನು ಕತ್ತರಿಸಿದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಬಾಯ್ದೆರೆದ ಮರಿಗಳ ಮುಖ ಮಾತ್ರ ಚೆನ್ನಾಗಿ ಬಂತು.

ಮಾರನೆಯ ಬೆಳಿಗ್ಗೆ ಗೂಡು ಖಾಲಿ. ಮೇಲಿನ ಕೊಂಬೆಯಲ್ಲಿ, ಗೂಡು ದೋಚುವ ಉದ್ದ ಬಾಲದ ನೀಲಿ ಮಟಪಕ್ಷಿ ಕೊಕ್ಕು ಒರೆಸಿಕೊಳ್ಳುತ್ತಿತ್ತು. ಮಕ್ಕಳು ಬಿಕ್ಕಿಬಿಕ್ಕಿ ಅತ್ತರು.

"ಪ್ರಕೃತಿ ನಿಯಮ ಕಣ್ರೋ. ಅದಕ್ಕೂ ಮರಿಗಳಿರ್ತವೆ" ಎಂದ ಪೆಂಗ್. ಅನ್ನುತ್ತಲೇ ಅಳುವ ಮುಖಗಳ ಕಡೆ ಕ್ಯಾಮೆರಾ ತಿರುಗಿಸಿದ. ಮರೆ ತೆಗೆದವರು ಯಾರೆಂದು ಅವನಿಗೆ ಆಗಲೇ ಗೊತ್ತಿತ್ತು. ನಾಚಿಕೆಯಾದರೂ ಕ್ಯಾಮೆರಾ ಇಳಿಸಲಿಲ್ಲ. ಆ ಅಳುವೇ ಚಿತ್ರದ ಕೊನೆಯಾಯಿತು.

ಚಿತ್ರ ತೋರಿಸುವ ದಿನ ಮಧ್ಯಾಹ್ನ ಶ್ಯೂನಿಂಗ್ ಮೊಬೈಲು ಹಿಡಿದು ಓಡಿಬಂದಳು.

"ಪೆಂಗ್ ಮೇಷ್ಟ್ರೇ, ನಮ್ಮಜ್ಜಿ ಚಕ್ಕೋತದ ಮರದಲ್ಲಿ ಬಿಳಿಗಣ್ಣ ಹಕ್ಕಿ ಮರಿ! ನಾನೇ ತೆಗ್ದಿದ್ದು!"

ಮುಖಗಳು ನಿಚ್ಚಳವಾಗಿದ್ದವು. ಒಂದು ಎಲೆಯೂ ಅಡ್ಡವಿರಲಿಲ್ಲ.

"ಇಷ್ಟು ಚೆನ್ನಾಗಿ ಹೆಂಗೆ ಬಂತು?"

ಹುಡುಗಿ ಜೇಬಿನಿಂದ ಕತ್ತರಿ ತೆಗೆದು ತೋರಿಸಿ, ದನಿ ತಗ್ಗಿಸಿದಳು. "ಅವತ್ತು ಟೋಪಿ ಬಿಟ್ಟುಹೋಗಿದ್ದೆ, ತಗೊಳ್ಳೋಕೆ ವಾಪಸ್ ಬಂದಾಗ ನೀವು ಎಲೆ ಕತ್ತರಿಸೋದನ್ನ ನೋಡ್ದೆ. ಯಾರಿಗೂ ಹೇಳಿಲ್ಲ. ಕಸುಬಿನ ಗುಟ್ಟು ಅಲ್ವಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. "ನಡಿ, ನಡಿ" ಎಂದು ಅಜ್ಜಿಯ ಮನೆಯತ್ತ ಓಡಿದ.

ಉರಿಬಿಸಿಲು ನೇರವಾಗಿ ಗೂಡಿನ ಮೇಲೆ ಬೀಳುತ್ತಿತ್ತು. ಮರಿಗಳು ಬದುಕಿದ್ದವು, ಕೊಕ್ಕು ತೆರೆದು ಏದುತ್ತಿದ್ದವು. ಪೆಂಗ್ ಪಕ್ಕದ ರೆಂಬೆಗಳನ್ನು ಎಳೆದು, ದಾರ ಕಟ್ಟಿ, ನೆರಳು ಮಾಡಿದ.

"ಏನಪ್ಪಾ, ಮದುಮಗಳು ಯಾರೂ ಸಿಗ್ಲಿಲ್ಲ ಅಂತ ನನ್ ಮರಕ್ಕೆ ಜಡೆ ಹಾಕ್ತಿದ್ದೀಯಾ?" ಎಂದಳು ಅಜ್ಜಿ, ಎಳ್ಳು, ಕಡಲೆಬೀಜ ಸೇರಿಸಿ ಅರೆದ ಚಹಾದ ಬಟ್ಟಲು ಹಿಡಿದು. ಅವನಿಗೆ ನಗು ಬರಲಿಲ್ಲ. ದೂರ ನಿಂತು ಕಾದರು. ತಾಯಿಹಕ್ಕಿ ಹುಳು ಕಚ್ಚಿಕೊಂಡು ಮರಳಿದ ಮೇಲೆಯೇ ಅವನು ಬಾಯಿ ಬಿಟ್ಟದ್ದು.

"ಆ ಎಲೆ ಇದ್ದಿದ್ರೆ ಮಟಪಕ್ಷಿಗೆ ಗೂಡು ಕಾಣ್ತಿರ್ಲಿಲ್ಲಮ್ಮ. ಆ ಮರಿಗಳು ಸತ್ತಿದ್ದು ನನ್ನಿಂದ."

ಹುಡುಗಿ ಜೇಬಿನಿಂದ ಕತ್ತರಿಯನ್ನು ಮತ್ತೆ ಹೊರತೆಗೆದಳು.

"ನಾವು ಅಳ್ತಿದ್ದಾಗ ವೀಡಿಯೊ ತೆಗೀತಿದ್ರಲ್ಲ... ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕತ್ತರಿಯನ್ನು ಅವನ ಕೈಗಿಟ್ಟು ಒಳಗೆ ಹೋದಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಶಾಲೆಯ ಅಂಗಳ ತುಂಬಿತ್ತು. ಬಾಯ್ದೆರೆದ ಮರಿಗಳು ಪರದೆಗೆ ಬಂದೊಡನೆ ಪೆಂಗ್ ಚಿತ್ರ ನಿಲ್ಲಿಸಿದ.

"ಇಲ್ಲೊಂದು ಎಲೆ ಇತ್ತು" ಎಂದ. "ಮುಖ ಕಾಣ್ಲಿ ಅಂತ ನಾನೇ ಕತ್ತರಿಸಿದೆ. ಪ್ರಕೃತಿ ನಿಯಮ ಅಂದಿದ್ದು ಸುಳ್ಳು. ನಿಮ್ಮನ್ನ ಅಳಿಸಿದ್ದು ನಾನು."

ಮುಂದಿನ ಸಾಲಿನ ಮಕ್ಕಳು ಅವನನ್ನೇ ನೋಡುತ್ತಿದ್ದರು. ಶ್ಯೂನಿಂಗ್ ತಲೆ ತಗ್ಗಿಸಿದ್ದಳು. ಅಭ್ಯಾಸಬಲದಿಂದ ಅವನು "ನೋಡಬೇಕು..." ಎಂದ.

ಯಾರೂ ಕೂಗಲಿಲ್ಲ.