ಸೊನ್ನೆ ಬರೆದ ದಿನ

ಗೋಣಿಬೀಡಿನ ಆಚೆಯ ಷಡಕ್ಷರಿಯವರ ಎಸ್ಟೇಟಿನಲ್ಲಿ ಮಳೆ ಬಂತೋ ಇಲ್ಲವೋ ಎಂದು ತಿಳಿಯಲು ಯಾರೂ ಆಕಾಶ ನೋಡುತ್ತಿರಲಿಲ್ಲ, ಲೆಕ್ಕ ಬರೆಯುವ ರೈಟರ್ ಶಿವಯ್ಯನ ಪುಸ್ತಕ ನೋಡುತ್ತಿದ್ದರು. ಮೂವತ್ತೊಂದು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಮಳೆಮಾಪಕದ ಒಳಗಿನ ಶೀಷೆ ತೆಗೆದು, ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಇಂಚು, ಇಂಚಿನ ನೂರನೇ ಒಂದು ಪಾಲಾದ ಸೆಂಟು ಬರೆದವನು. ಮಗಳ ಮದುವೆಯ ಬೆಳಿಗ್ಗೆಯೂ ಪಂಚೆ ಎತ್ತಿಕಟ್ಟಿ ಹೋಗಿ ಅಳೆದು ಬಂದಿದ್ದ. ಹೆಂಡತಿ ಯಲ್ಲಮ್ಮ ಬೈದದ್ದೇ ಬೈದದ್ದು. ಹನ್ನೆರಡು ಸೆಂಟನ್ನು ಹದಿಮೂರು ಮಾಡಿದವನಲ್ಲ. ಅಂಥವರು ಈಗ ಎಲ್ಲಿ ಸಿಗುತ್ತಾರೆ ಹೇಳಿ!

ಆ ಪುಸ್ತಕವೇ ಈ ಸಲ ಧರ್ಮೇಶನ ಕುತ್ತಿಗೆಗೆ ಬಂತು.

ಧರ್ಮೇಶ ಔಷಧ ಹೊಡೆಸುವ ಮೇಸ್ತ್ರಿ. ಮೇ ತಿಂಗಳ ಕೊನೆಗೆ ಹಳ್ಳದ ಬದಿಯ ಕಾಫಿ ಗಿಡಗಳಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಿದ್ದ. ಆಗಸ್ಟ್‌ನಲ್ಲಿ ಅಲ್ಲೇ ಕೊಳೆರೋಗ ಹತ್ತಿ ಎಲೆಗಳು ಕಪ್ಪಾಗಿ ಜೋತುಬಿದ್ದವು. ಚಿಕ್ಕಮಗಳೂರಿನಿಂದ ಬಂದ ಷಡಕ್ಷರಿ ಅವನನ್ನು ಆಫೀಸಿಗೆ ಕರೆಸಿದರು.

"ಹೊಡೆಸಿದ ಸಂಜೇನೇ ಮಳೆ ಬಂದು ತೊಳ್ಕೊಂಡು ಹೋಯ್ತು ಸಾವ್ಕಾರ್ರೇ. ಇನ್ನೊಂದು ಸಲ ಹೊಡೆಸ್ಬೇಕು ಅಂತ ಮಾರನೇ ದಿನಾನೇ ಫೋನ್ ಮಾಡಿದ್ನಲ್ಲ."

"ಪುಸ್ತಕದಲ್ಲಿ ಏನಿದೆ ಅಂತ ಅವತ್ತೇ ಕೇಳಿ ತಿಳ್ಕೊಂಡೇ ಬೇಡ ಅಂದಿದ್ದು." ಷಡಕ್ಷರಿ ಪುಟ ತಿರುವಿದರು. ಮಾರನೆಯ ಬೆಳಗಿನ ಸಾಲಿನಲ್ಲಿ ದುಂಡನೆಯ ಸೊನ್ನೆ. "ಶಿವಯ್ಯ ಬರೆದ ಮೇಲೆ ಮುಗೀತು. ಮಳೆಯೇ ಬಂದಿಲ್ಲ ಅಂದ್ಮೇಲೆ ನೀನು ಔಷಧಾನೇ ಹೊಡೆಸಿಲ್ಲ. ನಾಳೆಯಿಂದ ಬರಬೇಡ."

ಧರ್ಮೇಶ ಪಕ್ಕದ ಮೇಜಿನಲ್ಲಿ ಕೂತಿದ್ದ ಶಿವಯ್ಯನತ್ತ ನೋಡಿದ.

ಸೊನ್ನೆ ಬರೆದ ಆ ದಿನ ಶಿವಯ್ಯನಿಗೆ ಚೆನ್ನಾಗಿ ನೆನಪಿತ್ತು. ಕಳಸದ ತಂಗಿಯ ಮನೆಯಲ್ಲಿ ರಾತ್ರಿ ಉಳಿದು ಮೊದಲ ಬಸ್ಸಿಗೆ ಬಂದಿದ್ದ. ಮಾಪಕದ ತನಕ ಹೋಗುವಷ್ಟರಲ್ಲಿ ಹುಲ್ಲಿನ ನೀರಿಗೆ ಪಾದ ಒದ್ದೆ, ಪಂಚೆಯ ಅಂಚು ಒದ್ದೆ. ಶೀಷೆ ನೋಡಿದರೆ ಖಾಲಿ. ಇಬ್ಬನಿ ಇರಬೇಕು ಎಂದುಕೊಂಡು ಸೊನ್ನೆ ಬರೆದ. ನಾಲ್ಕು ದಿನ ಬಿಟ್ಟು ಶೀಷೆಯ ತಳದಲ್ಲಿ ಸಣ್ಣ ಬಿರುಕು ಕಂಡಿತು. ನೀರೆಲ್ಲ ಅಡಿಯ ಮಣ್ಣಿಗೆ ಇಂಗಿತ್ತು. ಹೊಸ ಶೀಷೆ ಇಟ್ಟ, ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷದ ಹೆಸರು ಹೋಗುತ್ತದಲ್ಲ ಎಂಬ ಭಯ, ಪಾಪ.

ಸುಳ್ಳು ಬರೆದವನಲ್ಲ, ಕಂಡದ್ದನ್ನೇ ಬರೆದದ್ದು. ಆದರೆ ಮಳೆ ಅವನ ಪುಸ್ತಕ ಕೇಳಿಕೊಂಡು ಬಂದಿತ್ತೇ? ಅದು ಬಂದಾಗಿತ್ತು, ಔಷಧ ತೊಳೆದಾಗಿತ್ತು. ಅವನು ಸೊನ್ನೆ ಬರೆದ ಎಂದು ಒಂದು ಹನಿಯೂ ವಾಪಸ್ಸು ಹೋಗಿರಲಿಲ್ಲ.

"ಸಾವ್ಕಾರ್ರೇ, ಮಳೆ ಬಂದಿತ್ತು. ಶೀಷೆ ಸೋರಿತ್ತು. ಆಮೇಲೆ ಗೊತ್ತಾಗಿಯೂ ನಾನು ಬಾಯಿ ಬಿಡ್ಲಿಲ್ಲ. ತಪ್ಪು ನಂದು."

ಷಡಕ್ಷರಿ ಹಿಂದಿನ ಪುಟಗಳನ್ನು ತಿರುವಿದರು. "ಹಾಗಾದ್ರೆ ಉಳಿದ ಪುಟಗಳನ್ನ ಹೇಗೆ ನಂಬೋದು ಶಿವಯ್ಯ?" ಎಂದರು. ಆಮೇಲೆ ಅವರೇ ಪುಸ್ತಕ ಮುಂದೆ ತಳ್ಳಿ, "ಅರ್ಧ ಇಂಚು ಅಂತ ತಿದ್ದಿಬಿಡಿ, ಆಯ್ತು" ಎಂದರು.

"ಎಷ್ಟು ಬಂತು ಅಂತ ನಂಗೆ ಗೊತ್ತಿಲ್ವಲ್ಲ. ಬಂದಿದ್ದು ಮಾತ್ರ ಗೊತ್ತು."

ಶಿವಯ್ಯ ಸೊನ್ನೆಯನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ: ಮಳೆ ಬಂದಿತ್ತು. ಶೀಷೆ ಸೋರಿತ್ತು. ಅಳತೆ ಗೊತ್ತಿಲ್ಲ. ಕೆಳಗೆ ತಿದ್ದಿದ ದಿನದ ತಾರೀಕು, ಸಹಿ. ಅಷ್ಟು ಪುಟಗಳಲ್ಲಿ ಕಣ್ಣಿಗೊತ್ತಿಕೊಳ್ಳುವಂಥ ಪುಟ ಎಂದರೆ ಅದೇ ನೋಡಿ!

"ನಾಳೆ ಕೆಲಸಕ್ಕೆ ಬಾ ಧರ್ಮೇಶ" ಎಂದು ಷಡಕ್ಷರಿ ಎದ್ದರು.

ಹೊರಗೆ ಬಂದ ಮೇಲೆ ಧರ್ಮೇಶ ಕೇಳಿದ, "ರೈಟ್ರೇ, ಅವತ್ತೇ ನಿಮಗೆ ಗೊತ್ತಾಗ್ಲಿಲ್ವಾ?"

"ಕಾಲು ಒದ್ದೆ ಆಗಿತ್ತು ಮಾರಾಯ" ಎಂದ ಶಿವಯ್ಯ. "ನಾನೇ ನಂಬ್ಲಿಲ್ಲ."